ಜೆಸಿಬಿ ಕಳಿಸುವ ಮುಂಚೆ ಹಾಜರಿ ಪುಸ್ತಕ ನೋಡಿ

2020ರ ಜನವರಿ. ಬೆಂಗಳೂರಿನ ಬೆಳ್ಳಂದೂರಿಗೆ ಹೊಂದಿಕೊಂಡ ಕರಿಯಮ್ಮನ ಅಗ್ರಹಾರದಲ್ಲಿ ಕೂಲಿ ಜನರ ನೂರಾರು ಶೆಡ್ಡುಗಳನ್ನು ಜೆಸಿಬಿ ನೆಲಸಮ ಮಾಡಿತು. ಮೊದಲು ನೀರು ನಿಂತಿತು, ಕರೆಂಟು ಹೋಯಿತು, ಆಮೇಲೆ ಯಂತ್ರ ಬಂತು. ಅಲ್ಲಿರುವವರೆಲ್ಲ ಬಾಂಗ್ಲಾದೇಶದಿಂದ ನುಸುಳಿದವರು ಎಂಬ ಮಾತನ್ನು ಅದಾಗಲೇ ಹಬ್ಬಿಸಲಾಗಿತ್ತು. ಆಧಾರ್ ಕಾರ್ಡು, ಮತದಾರರ ಚೀಟಿ ಹಿಡಿದು ಬೀದಿಯಲ್ಲಿ ನಿಂತವರಲ್ಲಿ ಅಸ್ಸಾಂ, ತ್ರಿಪುರಾದವರಿದ್ದರು. ನಮ್ಮದೇ ಉತ್ತರ ಕರ್ನಾಟಕದಿಂದ ಗುಳೆ ಬಂದವರೂ ಇದ್ದರು. ಆ ಚೀಟಿಗಳನ್ನು ಓದಿ ನೋಡುವ ವ್ಯವಧಾನ ಒಬ್ಬ ಅಧಿಕಾರಿಗೂ ಇರಲಿಲ್ಲ. ತೆರವಿಗೆ ಬಂದೋಬಸ್ತು ಕೊಡಿ ಎಂದು ಪಾಲಿಕೆಯ ಎಂಜಿನಿಯರೊಬ್ಬರು ಪೊಲೀಸರಿಗೆ ಬರೆದ ಪತ್ರ ಬಯಲಿಗೆ ಬಂದಾಗ, ಅದು ನಮ್ಮ ಆದೇಶವಲ್ಲ ಎಂದು ಮೇಲಿನವರು ಕೈತೊಳೆದುಕೊಂಡರು. ಮಾನವ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೈಕೋರ್ಟಿನ ಬಾಗಿಲು ತಟ್ಟಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರ ಪೀಠ ತೆರವಿಗೆ ತಡೆ ಹಾಕಿತು. ಅಷ್ಟೊತ್ತಿಗೆ ತಗಡು ಮುದುರಿಯಾಗಿತ್ತು.

ಆಮೇಲೆ ವಾರಗಟ್ಟಲೆ ಪೌರತ್ವದ ಜಗಳ ನಡೆಯಿತು. ಆ ಗದ್ದಲದಲ್ಲಿ ಮೂಲೆಗೆ ಸರಿದ ಒಂದು ಪ್ರಶ್ನೆಯನ್ನು ನಾನು ಬಿಡಲಾರೆ. ಆ ಶೆಡ್ಡುಗಳ ಮಕ್ಕಳು ಮಾರನೆಯ ದಿನ ಎಲ್ಲಿಗೆ ಹೋದರು? ಯಾರು ಯಾವ ಶಾಲೆಯಲ್ಲಿ ಎಷ್ಟನೇ ಕ್ಲಾಸು ಓದುತ್ತಿದ್ದರು, ಯಾರು ಅಂಗನವಾಡಿಯಲ್ಲಿದ್ದರು ಎಂಬ ಪಟ್ಟಿಯನ್ನು ಯಂತ್ರ ಕಳಿಸುವ ಮೊದಲು ಯಾರಾದರೂ ಕೇಳಿದ್ದರೇ?

ಆ ಪಟ್ಟಿ ಇರಲೇಬೇಕು ಎಂದು ಕಾನೂನು ಹೇಳುತ್ತದೆ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 9ನೇ ಸೆಕ್ಷನ್ ತೆಗೆದು ಓದಿ. ತನ್ನ ವ್ಯಾಪ್ತಿಯಲ್ಲಿರುವ 14 ವರ್ಷದವರೆಗಿನ ಎಲ್ಲ ಮಕ್ಕಳ ದಾಖಲೆ ಇಡುವುದು ಸ್ಥಳೀಯ ಪ್ರಾಧಿಕಾರದ ಕರ್ತವ್ಯ. ವಲಸೆ ಬಂದ ಕುಟುಂಬಗಳ ಮಕ್ಕಳು ಶಾಲೆಗೆ ಸೇರುವಂತೆ ನೋಡಿಕೊಳ್ಳುವುದೂ ಅದರದೇ ಕರ್ತವ್ಯ. ಸ್ಥಳೀಯ ಪ್ರಾಧಿಕಾರ ಎಂದರೆ ಪಂಚಾಯಿತಿ, ನಗರಸಭೆ, ಮಹಾನಗರ ಪಾಲಿಕೆ. ಮಗುವಿನ ಹೆಸರನ್ನು ಶಾಲೆಯ ಪುಸ್ತಕದಲ್ಲಿ ಬರೆಸಬೇಕಾದ ಸಂಸ್ಥೆಯೇ ಆ ಮಗು ಮಲಗುವ ಜಾಗಕ್ಕೆ ಯಂತ್ರ ನುಗ್ಗಿಸುತ್ತದೆ. ಇದನ್ನು ಆಡಳಿತ ಎಂದು ಕರೆಯಲು ನನಗೆ ಸಾಧ್ಯವಿಲ್ಲ. ಇದು ಕರ್ತವ್ಯದ್ರೋಹ.

ಗುಳೆ ಬಂದ ಒಂದು ಮಗುವನ್ನು ಶಾಲೆಗೆ ಸೇರಿಸುವುದೆಂದರೆ ಏನೆಂದು ಆದೇಶಕ್ಕೆ ಸಹಿ ಹಾಕುವವರಿಗೆ ಗೊತ್ತಿದೆಯೇ? ಹಗಲು ಹೋದರೆ ಶೆಡ್ಡಿನಲ್ಲಿ ದೊಡ್ಡವರು ಸಿಗುವುದಿಲ್ಲ. ಅಪ್ಪ ಅವ್ವ ಗಾರೆ ಕೆಲಸದಿಂದ ಮರಳುವುದು ಕತ್ತಲಾದ ಮೇಲೆ. ಸ್ವಯಂಸೇವಾ ಸಂಸ್ಥೆಯ ಕಾರ್ಯಕರ್ತೆ ಆ ಹೊತ್ತಿಗೇ ಹೋಗಬೇಕು, ಒಲೆಯ ಮುಂದೆ ಕೂತು ಮಾತಾಡಬೇಕು, ಅನುಮಾನದ ನೋಟ ಸಹಿಸಬೇಕು. ಮೊದಲ ಸಲ ಬಾಯಿಬಿಡದ ತಾಯಿ ನಾಲ್ಕನೇ ಸಲಕ್ಕೆ, ‘ದೊಡ್ಡಾಕಿ ಸಾಲಿಗಿ ಹೋದ್ರ ಸಣ್ಣದನ್ನ ಯಾರು ಹಿಡೀಬೇಕ್ರೀ?’ ಎನ್ನುತ್ತಾಳೆ. ಆ ಪ್ರಶ್ನೆಗೆ ಉತ್ತರ ಹುಡುಕದೆ ಆ ಹುಡುಗಿಯನ್ನು ಶಾಲೆಗೆ ಕರೆದೊಯ್ಯಲು ಆಗುವುದಿಲ್ಲ. ಆಮೇಲೆ ಟಿಸಿ. ಅದು ಯಾದಗಿರಿಯಲ್ಲೋ ಕೊಪ್ಪಳದಲ್ಲೋ ಬಿಟ್ಟುಬಂದ ಊರಿನ ಶಾಲೆಯಲ್ಲಿರುತ್ತದೆ. ಟಿಸಿ ಇಲ್ಲವೆಂದು ಸೇರಿಸಿಕೊಳ್ಳದೆ ಇರುವಂತಿಲ್ಲ ಎಂದು ಕಾಯ್ದೆಯ 5ನೇ ಸೆಕ್ಷನ್ನನ್ನು ಮುಖ್ಯಗುರುಗಳಿಗೆ ನೆನಪಿಸಬೇಕು. ಆಧಾರ್ ತಿದ್ದಿಸಬೇಕು, ವಿದ್ಯಾರ್ಥಿ ದಾಖಲೆಯ ಹಳೆಯ ಸ್ಯಾಟ್ಸ್ ನಂಬರ್ ಹುಡುಕಿಸಬೇಕು. ದೊಡ್ಡ ರಸ್ತೆ ದಾಟಿಸಲು ವ್ಯಾನೋ ಆಟೊವೋ ಗೊತ್ತು ಮಾಡಬೇಕು. ಎರಡು ವರ್ಷ ಶಾಲೆ ಬಿಟ್ಟ ಹತ್ತು ವರ್ಷದ ಮಗುವಿಗೆ ಅಕ್ಷರ ಕೂಡಿಸಿ ಓದಲು ಮತ್ತೆ ಕಲಿಸಬೇಕು. ಇಷ್ಟೆಲ್ಲ ಆಗಿ ಮಗು ತಾನಾಗಿಯೇ ಬ್ಯಾಗು ಹೆಗಲಿಗೇರಿಸಿ ಹೊರಡಲು ತಿಂಗಳುಗಳು ಬೇಕು. ಅದನ್ನು ಹಾಳುಗೆಡವಲು ಒಂದು ಬೆಳಗಿನ ಹೊತ್ತು ಸಾಕು.

ಈ ಕೆಲಸವನ್ನು ನಮ್ಮ ಊರಿನಲ್ಲಿ ಹೊತ್ತವರು ಸಣ್ಣ ಸಣ್ಣ ಸಂಸ್ಥೆಗಳ ಜನ. ಬಾಸ್ಕೊ ಎಂದು ಎಲ್ಲರೂ ಕರೆಯುವ ಬೆಂಗಳೂರು ಓಣಿಯವರ ಸೇವಾ ಕೂಟ 1980ರಿಂದ ರೈಲು ನಿಲ್ದಾಣ, ಬಸ್ ನಿಲ್ದಾಣಗಳಲ್ಲಿ ಒಂಟಿಯಾಗಿ ಇಳಿಯುವ ಮಕ್ಕಳ ಕೈಹಿಡಿಯುತ್ತ ಬಂದಿದೆ. ಕೊಳೆಗೇರಿಗಳ ಮಕ್ಕಳ ನಡುವೆ ಎಪಿಎಸ್‌ಎ ಎಂಬ ಸಂಸ್ಥೆ ದಶಕಗಳಿಂದ ದುಡಿಯುತ್ತಿದೆ. ಸರ್ಜಾಪುರ ರಸ್ತೆಯ ಆಸುಪಾಸಿನಲ್ಲಿ ಗುಬ್ಬಚ್ಚಿ ಎಂಬ ಸಂಸ್ಥೆ ವಲಸೆ ಮಕ್ಕಳನ್ನು ಸೇತುಬಂಧ ತರಗತಿಗಳಲ್ಲಿ ಕೂರಿಸಿ ಸರ್ಕಾರಿ ಶಾಲೆಗೆ ಒಗ್ಗಿಸುತ್ತಿದೆ. ಕಟ್ಟಡ ಕಾರ್ಮಿಕರ ಎಳೆಯ ಮಕ್ಕಳಿಗೆ ಸಂಪರ್ಕ ಸಂಸ್ಥೆ ಶಿಶುವಿಹಾರ ನಡೆಸುತ್ತದೆ. ಹೆಸರೇ ಕೇಳಿಲ್ಲದ ಇನ್ನೂ ಎಷ್ಟೋ ಗುಂಪುಗಳಿವೆ. ಎರಡು ಮೂರು ಹೆಣ್ಣುಮಕ್ಕಳು ಒಂದು ತಾಡಪತ್ರಿ ಕಟ್ಟಿ, ಒಂದು ಕಪ್ಪು ಹಲಗೆ ತೂಗುಹಾಕಿ ನಡೆಸುವ ಟೆಂಟ್ ಶಾಲೆಗಳಿವೆ. ಇವರು ಸರ್ಕಾರದ ಕೆಲಸವನ್ನು ಸರ್ಕಾರಕ್ಕಾಗಿ ಮಾಡುತ್ತಿದ್ದಾರೆ. ಇವರಿಗೆ ಪ್ರಶಸ್ತಿ ಪತ್ರ ಕೊಡದಿದ್ದರೂ ನಡೆಯುತ್ತದೆ. ಇವರು ಕಟ್ಟಿದ್ದನ್ನು ಒಡೆಯಬೇಡಿ.

ಮತ್ತೆ ಮತ್ತೆ ಒಡೆದಿದ್ದಾರೆ. 2013ರ ಜನವರಿಯಲ್ಲಿ ಈಜಿಪುರದ ಬಡವರ ವಸತಿಗೃಹಗಳ ಜಾಗದಿಂದ ಸಾವಿರಾರು ಜನರನ್ನು ಎಬ್ಬಿಸಿದರು. ಬಡವರ ಮನೆಗೆಂದು ಇದ್ದ ಪಾಲಿಕೆಯ ಆ ನೆಲದಲ್ಲಿ ಖಾಸಗಿ ಕಂಪನಿಯ ಮಾಲ್ ಬರಬೇಕಿತ್ತು. ಕುಟುಂಬಗಳು ತಿಂಗಳುಗಟ್ಟಲೆ ಅದೇ ರಸ್ತೆಯ ಫುಟ್‌ಪಾತಿನಲ್ಲಿ ಮಲಗಿದವು. ಕೆಲವರನ್ನು ಸರ್ಜಾಪುರ ರಸ್ತೆಯಾಚೆಯ ಸೂಲಿಕುಂಟೆಗೆ ಸಾಗಿಸಿದರು. ಈಜಿಪುರದ ಶಾಲೆಗೂ ಸೂಲಿಕುಂಟೆಗೂ ಇರುವ ದೂರವನ್ನು ಆರನೇ ಕ್ಲಾಸಿನ ಹುಡುಗಿ ದಿನವೂ ಹೇಗೆ ದಾಟಬೇಕಿತ್ತು? 2020ರ ಲಾಕ್‌ಡೌನಿನಲ್ಲಿ ಕೂಲಿಯವರು ಊರಿಗೆ ಹೋಗಿದ್ದಾಗ ಕಾಚರಕನಹಳ್ಳಿಯಲ್ಲಿ ಅವರ ಗುಡಿಸಲುಗಳೇ ಸುಟ್ಟುಹೋದವು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು.

ಈಜಿಪುರ ಜನವರಿ, ಕರಿಯಮ್ಮನ ಅಗ್ರಹಾರವೂ ಜನವರಿ. ಶಾಲೆಗಳಲ್ಲಿ ಪಾಠ ಮುಗಿಯುತ್ತ ಬಂದು ಪರೀಕ್ಷೆಯ ತಯಾರಿ ಶುರುವಾಗುವ ಕಾಲ. ಆಗ ಹೊರಬಿದ್ದ ಮಗುವಿಗೆ ಇಡೀ ವರ್ಷ ಹೋಯಿತು. ಹುಡುಗಿಯಾದರೆ ಅನೇಕ ಸಲ ಓದೇ ಹೋಯಿತು. ಈಜಿಪುರ ಒಡೆದ ಆ 2013ರಲ್ಲೇ ಹೈಕೋರ್ಟ್ ಶಾಲೆಯಿಂದ ಹೊರಗುಳಿದ ಮಕ್ಕಳ ಬಗ್ಗೆ ಸ್ವಯಂಪ್ರೇರಿತ ವಿಚಾರಣೆ ಆರಂಭಿಸಿತ್ತು. ಆ ಪ್ರಕರಣದ ಫಲವಾಗಿ ನಮ್ಮ ರಾಜ್ಯದಲ್ಲಿ ಮಗು ಸತತ ಏಳು ದಿನ ಗೈರಾದರೆ ಶಾಲೆಯಿಂದ ಹೊರಗುಳಿದಿದೆ ಎಂದೇ ಪರಿಗಣಿಸಿ ಹುಡುಕಿಕೊಂಡು ಹೋಗಬೇಕೆಂಬ ನಿಯಮ ಬಂತು. ಒಳ್ಳೆಯ ನಿಯಮ. ಆದರೆ ಮನೆಯೇ ಇಲ್ಲವಾದ ಮಗುವನ್ನು ಶಿಕ್ಷಕಿ ಎಂಟನೆಯ ದಿನ ಯಾವ ವಿಳಾಸಕ್ಕೆ ಹುಡುಕಿಕೊಂಡು ಹೋಗಬೇಕು?

ಸಣ್ಣದನ್ನು ಯಾರು ಹಿಡೀಬೇಕು ಎಂದ ಆ ತಾಯಿಯ ಪ್ರಶ್ನೆಗೂ ಕಾನೂನಿನಲ್ಲಿ ಉತ್ತರವಿದೆ. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಟ್ಟಡದ ಜಾಗದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಲೇಬೇಕೆಂದು 2025ರವರೆಗೆ ಜಾರಿಯಲ್ಲಿದ್ದ 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಕಟ್ಟಡದ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ವಸೂಲಾಗುತ್ತದೆ. ಹೀಗೆ ಕಾರ್ಮಿಕ ಕಲ್ಯಾಣ ಮಂಡಳಿಗೆ ಬಂದ ಹಣ ಸಾವಿರಾರು ಕೋಟಿ. ಅದು ಆ ತಾಯಿಯ ಬೆವರಿನಿಂದ ಬಂದ ದುಡ್ಡು. ಮಂಡಳಿಯಲ್ಲಿ ಅಷ್ಟು ದುಡ್ಡಿದ್ದೂ ಎಂಟು ವರ್ಷದ ಅಕ್ಕ ಜಲ್ಲಿ ರಾಶಿಯ ಪಕ್ಕ ತಮ್ಮನನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಾಳೆ ಎಂದರೆ ಅದಕ್ಕೆ ಬಡತನ ಕಾರಣವಲ್ಲ, ಬೇಜವಾಬ್ದಾರಿ ಕಾರಣ.

ಅಪಾರ್ಟ್‌ಮೆಂಟುಗಳಲ್ಲಿ ವಾಸಿಸುವ ನನ್ನಂಥ ಜನರಿಗೂ ಒಂದು ಮಾತು ಹೇಳಬೇಕು. ಹಬ್ಬಕ್ಕೆ ಆ ಮಕ್ಕಳಿಗೆ ನೋಟ್‌ಬುಕ್ಕು, ಹಳೆಯ ಬಟ್ಟೆ ಕೊಡುತ್ತೇವೆ. ಅದೇ ವಾರ ಸಂಘದ ಸಭೆಯಲ್ಲಿ, ಎದುರಿನ ಶೆಡ್ಡುಗಳಿಂದ ಗಲೀಜು, ತೆರವು ಮಾಡಿಸಿ ಎಂಬ ಮನವಿಗೆ ಸಹಿ ಹಾಕುತ್ತೇವೆ. ಆ ಸಹಿಯನ್ನು ಹಿಂದಕ್ಕೆ ಪಡೆಯಿರಿ. ಅಲ್ಲಿ ಚರಂಡಿ ಇಲ್ಲದಿದ್ದರೆ ಚರಂಡಿ ಕೇಳಿ, ಶೌಚಾಲಯ ಇಲ್ಲದಿದ್ದರೆ ಶೌಚಾಲಯ ಕೇಳಿ. ನಾವು ಮಲಗುವ ಕೋಣೆಯ ಗೋಡೆಯನ್ನು ಎತ್ತಿದವರು ಅವರೇ.

ತೆರವಿನ ಕಡತದಲ್ಲಿ ಸರ್ವೆ ನಂಬರ್ ಇರುತ್ತದೆ, ನಕ್ಷೆ ಇರುತ್ತದೆ, ಯಂತ್ರದ ಬಾಡಿಗೆಯ ಲೆಕ್ಕವೂ ಇರುತ್ತದೆ. ಅದೇ ಕಡತದಲ್ಲಿ ಇನ್ನು ಮುಂದೆ ಆ ವಸತಿಯ ಪ್ರತಿ ಮಗುವಿನ ಹೆಸರು, ವಯಸ್ಸು, ಶಾಲೆ, ಸ್ಯಾಟ್ಸ್ ನಂಬರ್, ತಾಯಿ ಕಾರ್ಡಿನ ವಿವರ ಇರಬೇಕು. ಅಲ್ಲಿ ಕೆಲಸ ಮಾಡುವ ಸಂಸ್ಥೆಗಳನ್ನು ಕರೆದು ಕೇಳಿದರೆ ಆ ಪಟ್ಟಿ ಬೇಗ ಸಿಗುತ್ತದೆ. ಅವರ ಹತ್ತಿರ ಅದು ಇದೆ. ಕುಟುಂಬ ಹೋಗಲಿರುವ ಜಾಗದ ಶಾಲೆಯಲ್ಲಿ ಮಗುವಿನ ಹೆಸರು ದಾಖಲಾಗಿದೆ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಬರೆದುಕೊಡುವ ತನಕ ಯಾರನ್ನೂ ಎಬ್ಬಿಸಬಾರದು. ಶಾಲೆ ನಡೆಯುವ ತಿಂಗಳುಗಳಲ್ಲಿ ಎಬ್ಬಿಸಲೇಬಾರದು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಇರುವ 9ನೇ ಸೆಕ್ಷನ್ ಸಾಕು. ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಿಂದ ಬೆಂಗಳೂರಿಗೆ ಐದು ಪಾಲಿಕೆಗಳು ಬಂದಿವೆ. ಬೋರ್ಡು ಬದಲಾದರೂ ಕರ್ತವ್ಯ ಬದಲಾಗಿಲ್ಲ. ಐವರು ಆಯುಕ್ತರೂ ಈ ಮಾತಿನ ಒಂದೊಂದು ಸುತ್ತೋಲೆ ಹೊರಡಿಸಲಿ. ಹೊರಡಿಸದಿದ್ದರೆ ಮುಂದಿನ ಜೆಸಿಬಿ ಎದುರು ಟೆಂಟ್ ಶಾಲೆಯ ಆ ಹೆಣ್ಣುಮಕ್ಕಳ ಜೊತೆ ನಾವೂ ಹಾಜರಿ ಪುಸ್ತಕ ಹಿಡಿದು ನಿಲ್ಲುತ್ತೇವೆ.