ಕಾರಿನ ಚಕ್ರಕ್ಕೆ ಲಾಕ್ ನಟ್: ಕಳ್ಳನಿಗೆ ಹಾಕಿದ ಬೀಗದಲ್ಲಿ ನಾವೇ ಸಿಕ್ಕಿಬೀಳುವುದು ಹೇಗೆ?

ಬೆಳಿಗ್ಗೆ ಎದ್ದು ನೋಡಿದರೆ ಮನೆ ಮುಂದೆ ನಿಲ್ಲಿಸಿದ್ದ ಕಾರು ಇಟ್ಟಿಗೆಗಳ ಮೇಲೆ ಕೂತಿದೆ, ನಾಲ್ಕೂ ಚಕ್ರ ಮಾಯ! ಇಂಥ ಫೋಟೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಜೊತೆಗೊಂದು ಸಲಹೆ: ‘ಇವತ್ತೇ ಲಾಕ್ ನಟ್ ಹಾಕಿಸಿ, ಇನ್ನು ಯಾರೂ ಚಕ್ರ ಮುಟ್ಟಲಾರರು.’ ಸಲಹೆ ಪೂರ್ತಿ ಸುಳ್ಳಲ್ಲ. ಆದರೆ ಅದು ಹೇಳದೆ ಬಿಟ್ಟಿರುವ ಅರ್ಧ ವಿಷಯ ನಮಗೆ ಗೊತ್ತಾಗುವುದು ರಾತ್ರಿ ಹೊತ್ತು ಹೆದ್ದಾರಿಯಲ್ಲಿ ಪಂಕ್ಚರ್ ಆದಾಗ. ಸ್ಟೆಪ್ನಿ ಇದೆ, ಜಾಕ್ ಇದೆ, ಪಾನಾ ಇದೆ. ಒಂದೇ ಒಂದು ನಟ್ ಮಾತ್ರ ಬಿಚ್ಚಲು ಬರುತ್ತಿಲ್ಲ. ಮಕ್ಕಳು ಹಿಂದಿನ ಸೀಟಿನಲ್ಲಿ, ಪಕ್ಕದಲ್ಲೇ ಲಾರಿಗಳು ಭರ್ ಎಂದು ಹೋಗುತ್ತಿವೆ.

ಲಾಕ್ ನಟ್ ಎಂದರೆ ಏನು? ಮಾಮೂಲಿ ವೀಲ್ ನಟ್‌ಗೆ ಆರು ಮೂಲೆ. ಯಾವ ಪಂಕ್ಚರ್ ಅಂಗಡಿಯ ಪಾನಾ ಹಾಕಿದರೂ ತಿರುಗುತ್ತದೆ. ಲಾಕ್ ನಟ್‌ಗೆ ಮೂಲೆಗಳಿರುವುದಿಲ್ಲ. ಅದರ ತಲೆಯ ಮೇಲೆ ಹೂವಿನ ಎಸಳಿನಂಥ ಅಂಕುಡೊಂಕಾದ ಗೆರೆ ಕೊರೆದಿರುತ್ತದೆ. ಅದಕ್ಕೆ ಸರಿಯಾಗಿ ಕೂರುವ ಒಂದು ಚಿಕ್ಕ ಕೀಲಿ, ಅಂದರೆ ಗಟ್ಟಿ ಉಕ್ಕಿನ ಅಡಾಪ್ಟರ್, ನಟ್‌ಗಳ ಜೊತೆ ಬರುತ್ತದೆ. ಕೀಲಿಯನ್ನು ನಟ್‌ಗೆ ಕೂರಿಸಿ, ಅದರ ಮೇಲೆ ಪಾನಾ ಹಾಕಿ ತಿರುಗಿಸಬೇಕು. ಚಕ್ರಕ್ಕೆ ಒಂದರಂತೆ ನಾಲ್ಕು ಲಾಕ್ ನಟ್ ಸಾಕು; ಉಳಿದವು ಮಾಮೂಲಿ ನಟ್‌ಗಳೇ.

ತೊಂದರೆ ಇರುವುದೇ ಈ ಕೀಲಿಯಲ್ಲಿ. ಟೈರ್ ಅಂಗಡಿಗಳಲ್ಲಿ ಟರ್‌ರ್ ಎಂದು ಸದ್ದು ಮಾಡುವ ಏರ್ ಗನ್ ನೋಡಿದ್ದೀರಲ್ಲ? ಅದು ನಟ್ಟನ್ನು ಒಂದೇ ಸಮನೆ ತಿರುಗಿಸುವುದಿಲ್ಲ. ಒಳಗಿನ ಸುತ್ತಿಗೆ ಸೆಕೆಂಡಿಗೆ ಹತ್ತಾರು ಬಾರಿ ಬಡಿಯುತ್ತದೆ. ಆರು ಮೂಲೆಯ ದಪ್ಪ ನಟ್ ಈ ಪೆಟ್ಟು ತಡೆಯುತ್ತದೆ. ಕೀಲಿಯ ತೆಳುವಾದ ಗೆರೆಗಳು ತಡೆಯುವುದಿಲ್ಲ. ಒಂದು ಸಲಕ್ಕೆ ಮುರಿಯದಿದ್ದರೂ ಸ್ವಲ್ಪ ಸ್ವಲ್ಪವೇ ಸವೆಯುತ್ತವೆ, ಒಂದು ದಿನ ಕೀಲಿ ಜಾರುತ್ತದೆ. ಅದಕ್ಕೇ ಲಾಕ್ ನಟ್‌ಗೆ ಏರ್ ಗನ್ ಬಳಸಬೇಡಿ ಎಂದು ತಯಾರಕರು ಹೇಳುತ್ತಾರೆ. ಆ ಚೀಟಿ ಅಂಗಡಿಯ ಹುಡುಗನ ಕಣ್ಣಿಗೆ ಬೀಳುವುದು ಎಲ್ಲಿಂದ ಬಂತು!

ಇದರ ಜೊತೆಗೆ ‘ಬಿಗಿಯಾದಷ್ಟೂ ಒಳ್ಳೆಯದು’ ಎಂಬ ನಂಬಿಕೆ ಬೇರೆ. ಒಂದು ಮೀಟರ್ ಉದ್ದದ ಸರಳಿನ ತುದಿಗೆ 10 ಕೆಜಿಯ ಅಕ್ಕಿ ಚೀಲ ತೂಗುಹಾಕಿದರೆ ಎಷ್ಟು ತಿರುಚುವ ಬಲ ಬರುತ್ತದೋ ಅದು ಸುಮಾರು 100 ನ್ಯೂಟನ್ ಮೀಟರ್. ಹೆಚ್ಚಿನ ಕಾರುಗಳ ಚಕ್ರದ ನಟ್‌ಗೆ ಬೇಕಾಗಿರುವುದು ಅದರ ಆಸುಪಾಸು, 85ರಿಂದ 130ರೊಳಗೆ. ನಿಮ್ಮ ಕಾರಿಗೆ ಎಷ್ಟು ಎಂಬುದು ಮಾಲೀಕರ ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ. ಕಾರಿನ ಜೊತೆ ಬರುವ ಪಾನಾ ಸುಮಾರು 30 ಸೆಂಟಿಮೀಟರ್ ಉದ್ದ ಎಂದುಕೊಳ್ಳಿ. 60 ಕೆಜಿಯ ಮನುಷ್ಯ ಅದರ ತುದಿಯ ಮೇಲೆ ಹತ್ತಿ ನಿಂತರೆ 175 ದಾಟುತ್ತದೆ. ದೊಡ್ಡ ಏರ್ ಗನ್ ಅಂತೂ 500ಕ್ಕೂ ಹೆಚ್ಚು ಬಲ ಹಾಕಬಲ್ಲದು. ಹಾಗೆ ಬಿಗಿದದ್ದನ್ನು ಬಿಚ್ಚಲು ಹೋದಾಗ ಮೊದಲು ಸೋಲುವುದು ಕೀಲಿಯೇ.

ನಟ್ ಜಾಮ್ ಆಗದಿರಲಿ ಎಂದು ಎಣ್ಣೆ, ಗ್ರೀಸ್ ಹಚ್ಚುವ ರೂಢಿಯೂ ಇದೆ. ಇದು ಸಲ್ಲದು. ನಾವು ಹಾಕುವ ಬಲದ ಬಹುಪಾಲು ಮರೆಗಳ ನಡುವಿನ ಮತ್ತು ನಟ್ ಕೂರುವ ಜಾಗದ ಘರ್ಷಣೆಗೇ ಹೋಗುತ್ತದೆ. ಚಕ್ರವನ್ನು ಹಿಡಿದಿಡಲು ಉಳಿಯುವುದು ಹೆಚ್ಚೂಕಡಿಮೆ ಹತ್ತರಲ್ಲಿ ಒಂದು ಪಾಲು. ಎಣ್ಣೆ ಹಚ್ಚಿದರೆ ಘರ್ಷಣೆ ತಗ್ಗುತ್ತದೆ, ಅಷ್ಟೇ ಬಲಕ್ಕೆ ಬೋಲ್ಟ್ ಹೆಚ್ಚು ಎಳೆಯಲ್ಪಡುತ್ತದೆ. ಅತಿಯಾದರೆ ಮರೆ ಕಿತ್ತುಹೋಗಬಹುದು, ಬೋಲ್ಟೇ ತುಂಡಾಗಬಹುದು. ಕೈಪಿಡಿಯಲ್ಲಿ ಬೇರೆ ಸೂಚನೆ ಇಲ್ಲದಿದ್ದರೆ ಮರೆಗಳು ಸ್ವಚ್ಛವಾಗಿ, ಒಣಗಿ ಇರಲಿ. ಇನ್ನು, ಲಾಕ್ ನಟ್‌ನ ಹೆಚ್ಚುವರಿ ತೂಕದಿಂದ ಸ್ಟಿಯರಿಂಗ್ ನಡುಗುತ್ತದೆ ಎಂಬ ಮಾತಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆ ಕೆಲವು ಗ್ರಾಂ ಇರುವುದು ಚಕ್ರದ ನಡುಭಾಗದಲ್ಲಿ, ಅಲ್ಲಿ ಅದರ ಪರಿಣಾಮ ಅಲ್ಪ.

ಹಾಗಾದರೆ ಕಳ್ಳನನ್ನಾದರೂ ಇದು ತಡೆಯುತ್ತದೆಯೇ? ಅವಸರದ ಕಳ್ಳನನ್ನು ತಡೆಯುತ್ತದೆ. ಮಾಮೂಲಿ ಪಾನಾ ಹಿಡಿದು ಬಂದವನು ಪಕ್ಕದ ಕಾರಿಗೆ ಹೋಗುತ್ತಾನೆ. ಸಜ್ಜಾಗಿ ಬಂದವನ ಕಥೆ ಬೇರೆ. ನಟ್‌ಗಿಂತ ಒಂದು ಎಳೆ ಚಿಕ್ಕದಾದ ಸಾಕೆಟ್ಟನ್ನು ಅದರ ಮೇಲೆ ಸುತ್ತಿಗೆಯಿಂದ ಬಡಿದು ಕೂರಿಸಿ ತಿರುಗಿಸುವುದು ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವ ಹಳೆಯ ಉಪಾಯ. ಕೆಲವು ಕಂಪನಿಗಳ ಕಾರುಗಳಲ್ಲಿ ಗೆರೆಗಳ ವಿನ್ಯಾಸ ಕೆಲವೇ ಬಗೆಯವು. ಅವೆಲ್ಲದರ ಕೀಲಿಗಳ ಸೆಟ್ ಗ್ಯಾರೇಜಿನವರಿಗೆಂದು ಆನ್‌ಲೈನ್‌ನಲ್ಲೇ ಮಾರಾಟಕ್ಕಿದೆ. ಸಾಕೆಟ್ ಹಿಡಿತಕ್ಕೆ ಸಿಗಬಾರದೆಂದು ಸುತ್ತಲೂ ಸುಮ್ಮನೆ ತಿರುಗುವ ಬಳೆ ಇರುವ ಲಾಕ್ ನಟ್‌ಗಳೂ ಬಂದವು. ಅವನು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ. ಆದರೆ ಕೀಲಿ ಕಳೆದುಕೊಂಡ ಮಾಲೀಕನಿಗೂ ಆ ಬಳೆ ಅಷ್ಟೇ ಕಾಟ ಕೊಡುತ್ತದೆ.

ಲಾಕ್ ನಟ್ ಬೇಡವೇ ಬೇಡ ಎನ್ನುತ್ತಿಲ್ಲ. ದುಬಾರಿ ಅಲಾಯ್ ವೀಲ್ ಇದ್ದು, ಕಾರನ್ನು ರಸ್ತೆ ಬದಿಯಲ್ಲೇ ನಿಲ್ಲಿಸುವವರು ಹಾಕಿಸಬಹುದು. ಸಾದಾ ಸ್ಟೀಲ್ ಚಕ್ರಕ್ಕೆ, ಗೇಟಿನೊಳಗೆ ನಿಲ್ಲುವ ಕಾರಿಗೆ ನನ್ನ ಲೆಕ್ಕದಲ್ಲಿ ಇದು ದಂಡದ ಖರ್ಚು. ಕೊಳ್ಳುವಾಗ ಮರೆಯ ಅಳತೆ ಸರಿಯಾಗಿರಬೇಕು. ಮಾರುತಿ ಸ್ವಿಫ್ಟ್‌ನ ಮರೆಗಳ ಅಂತರ 1.25 ಮಿಲಿಮೀಟರ್, ಹ್ಯುಂಡೈ ಕಾರುಗಳಲ್ಲಿ ಸಾಮಾನ್ಯವಾಗಿ 1.5; ಎರಡರ ದಪ್ಪವೂ 12 ಮಿಲಿಮೀಟರೇ ಆದ್ದರಿಂದ ಕಣ್ಣಳತೆಗೆ ಮೋಸ ಹೋಗುವುದು ಸುಲಭ. ನಟ್ ಕೂರುವ ಜಾಗ ಇಳಿಜಾರಾಗಿದೆಯೋ ಗುಂಡಗಿದೆಯೋ ಎಂಬುದೂ ಚಕ್ರಕ್ಕೆ ಹೊಂದಬೇಕು. ಹೊಂದದಿದ್ದರೆ ಎಷ್ಟೇ ಬಿಗಿದರೂ ಚಕ್ರ ಸಡಿಲವಾಗಬಹುದು. ಇದು ಕಳ್ಳತನಕ್ಕಿಂತ ದೊಡ್ಡ ಅಪಾಯ.

ಕೀಲಿ ಮುರಿದರೆ ಅಥವಾ ಕಳೆದರೆ ಮೊದಲು ಹುಡುಕಬೇಕಾದ್ದು ಅದರ ಕೋಡ್ ನಂಬರ್. ಅದು ಕೀಲಿಯ ಮೇಲೆ ಅಥವಾ ಜೊತೆಗೆ ಬಂದ ಕಾರ್ಡಿನಲ್ಲಿರುತ್ತದೆ. ನಂಬರ್ ಕೊಟ್ಟರೆ ಹೊಸ ಕೀಲಿ ತರಿಸಬಹುದು, ದಿನಗಳು ಹಿಡಿಯುತ್ತವೆ ಅಷ್ಟೆ. ನಂಬರೂ ಇಲ್ಲದಿದ್ದರೆ ಒಳಗೆ ಉಲ್ಟಾ ಮರೆ ಇರುವ ಎಕ್ಸ್‌ಟ್ರಾಕ್ಟರ್ ಸಾಕೆಟ್ ಬಳಸಿ ತೆಗೆಯಿಸಿ. ವೆಲ್ಡಿಂಗ್ ಮಾಡಿ ತೆಗೆಯುವುದು ಕೊನೆಯ ದಾರಿ. ಆ ಕಾವು ಅಲಾಯ್, ಟೈರ್, ಬೇರಿಂಗ್ ಯಾವುದಕ್ಕೂ ಒಳ್ಳೆಯದಲ್ಲ.

ಈಗಲೇ ಡಿಕ್ಕಿ ತೆಗೆದು ಜಾಕ್ ಪಕ್ಕದಲ್ಲಿ ಕೀಲಿ ಇದೆಯೇ ನೋಡಿ. ಇಲ್ಲದಿದ್ದರೆ ಕಳೆದ ಸಲ ಅಲೈನ್‌ಮೆಂಟ್ ಮಾಡಿಸಿದ ಅಂಗಡಿಯಲ್ಲೇ ಉಳಿದಿರಬಹುದು. ಇನ್ನು ಮುಂದೆ ಟೈರ್ ಕೆಲಸಕ್ಕೆ ಹೋದಾಗ ‘ಇದನ್ನು ಕೈಯಲ್ಲೇ ಬಿಚ್ಚಿ, ಕೈಯಲ್ಲೇ ಬಿಗಿಯಿರಿ’ ಎಂದು ಮೊದಲೇ ಹೇಳಿ, ಕೆಲಸ ಮುಗಿದ ಕೂಡಲೇ ಕೀಲಿ ವಾಪಸ್ ಪಡೆಯಿರಿ. ಚಕ್ರ ಬಿಚ್ಚಿ ಹಾಕಿದ ಮೇಲೆ 50ರಿಂದ 100 ಕಿಲೋಮೀಟರ್ ಓಡಿಸಿ ನಟ್‌ಗಳ ಬಿಗಿ ಇನ್ನೊಮ್ಮೆ ನೋಡಿಸಿ. ಕೋಡ್ ನಂಬರಿನ ಫೋಟೋ ಮೊಬೈಲಿನಲ್ಲಿರಲಿ. ಅದನ್ನು ಮಾತ್ರ ಯಾವ ಗ್ರೂಪಿಗೂ ಫಾರ್ವರ್ಡ್ ಮಾಡಬೇಡಿ.