ಮೂಗಿನ ಹನಿಗೆ ಮೂರೇ ದಿನ

ಆಷಾಢದ ಗಾಳಿ ಬೀಸಲು ಶುರುವಾಯಿತೆಂದರೆ ಕೆಜಿಎಫ್‌ನ ಗೃಹಿಣಿಯರಿಗೆ ಕೆಲಸ ಇಮ್ಮಡಿ. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಮಧ್ಯಾಹ್ನಕ್ಕೆ ಮತ್ತೆ ದೂಳು. ಚಿನ್ನದ ಗಣಿ 2001ರಲ್ಲೇ ಮುಚ್ಚಿತು, ಸೈನೈಡ್ ದಿಬ್ಬಗಳು ಮಾತ್ರ ಉಳಿದವು. ಆ ನುಣ್ಣನೆ ಪುಡಿ ಒಣಗಲು ಹಾಕಿದ ಬಟ್ಟೆಗೂ ಬರುತ್ತೆ, ಮೂಗಿಗೂ ಬರುತ್ತೆ. ಇತ್ತ ಬಂಗಾರಪೇಟೆಯಲ್ಲಿ ಬೆಳಗಿನ ಬೆಂಗಳೂರು ರೈಲು ಹಿಡಿಯುವವರಿಗೆ ಚಳಿಗಾಲದ ಥಂಡಿ ಗಾಳಿ. ಅಂತೂ ಮನೆಯಲ್ಲಿ ಒಬ್ಬರಲ್ಲ ಒಬ್ಬರ ಮೂಗು ಕಟ್ಟಿರುತ್ತದೆ.

ಆಗ ನಾವು ಮಾಡೋದೇನು? ಮೆಡಿಕಲ್ ಶಾಪಿಗೆ ಹೋಗಿ ಮೂಗಿಗೆ ಬಿಡುವ ಹನಿ ತರುತ್ತೇವೆ. ಆಕ್ಸಿಮೆಟಾಜೋಲಿನ್ ಅಥವಾ ಕ್ಸೈಲೋಮೆಟಾಜೋಲಿನ್ ಇರುವ ಈ ಹನಿ ಮೂಗಿನೊಳಗೆ ಊದಿಕೊಂಡ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಐದೇ ನಿಮಿಷದಲ್ಲಿ ಹಾಯಾದ ಉಸಿರು! ತೊಂದರೆ ಇರುವುದು ಇಲ್ಲೇ. ಮೂರು ದಿನ ಮೀರಿ ಬಳಸುತ್ತಾ ಹೋದರೆ, ಔಷಧದ ಪ್ರಭಾವ ಇಳಿದಾಗ ರಕ್ತನಾಳಗಳು ಮೊದಲಿಗಿಂತ ಹೆಚ್ಚು ಊದಿಕೊಳ್ಳಬಹುದು. ಮತ್ತೆ ಹನಿ, ಮತ್ತೆ ಮೂಗು ಕಟ್ಟು. ಕೊನೆಗೆ ನೆಗಡಿ ಹೋಗಿರುತ್ತೆ, ಬಾಟಲಿ ಮಾತ್ರ ದಿಂಬಿನ ಪಕ್ಕದಲ್ಲೇ ಉಳಿದಿರುತ್ತೆ. ಆದ್ದರಿಂದ ಬಾಟಲಿ ತೆರೆದ ದಿನವೇ ಅದರ ಮೇಲೆ ತಾರೀಖು ಬರೆದಿಡಿ.

ನೆಗಡಿ ಮಾತ್ರೆ ಸುರಕ್ಷಿತ ಅಂದುಕೊಳ್ಳಬೇಡಿ. ಹಲವು ಮಾತ್ರೆಗಳಲ್ಲಿರುವ ಫಿನೈಲೆಫ್ರಿನ್ ಅನ್ನು ಬಾಯಿಯ ಮೂಲಕ ತೆಗೆದುಕೊಂಡರೆ ಕಟ್ಟಿದ ಮೂಗು ಬಿಡುವುದಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿ 2023ರಲ್ಲಿ ಹೇಳಿತು. ಅದೇ ವರ್ಷ ನಮ್ಮ ದೇಶದ ಔಷಧ ನಿಯಂತ್ರಕರು, ಕ್ಲೋರ್‌ಫೆನಿರಮಿನ್ ಜೊತೆ ಫಿನೈಲೆಫ್ರಿನ್ ಸೇರಿದ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದರು. ದೊಡ್ಡವರ ಹನಿಯನ್ನೂ ಕೂಸಿಗೆ ಹಾಕಬೇಡಿ. ಬಿ.ಪಿ., ಹೃದಯದ ಕಾಯಿಲೆ, ಥೈರಾಯ್ಡ್ ಇರುವವರು ಮತ್ತು ಗರ್ಭಿಣಿಯರು ವೈದ್ಯರನ್ನು ಕೇಳದೆ ಮೂಗು ಬಿಡಿಸುವ ಹನಿ, ಮಾತ್ರೆ ಯಾವುದನ್ನೂ ಮುಟ್ಟಬಾರದು.

ಹಾಗಾದ್ರೆ ಮಾಡೋದೇನು ಅಂತೀರಾ? ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ ಮೂಗು ತೊಳೆಯಿರಿ. ಇಲ್ಲವೇ ಅಂಗಡಿಯ ಸಲೈನ್ ಹನಿ ಬಳಸಿ, ಅದು ರೂಢಿ ಹಿಡಿಸುವುದಿಲ್ಲ. ದೂಳನ್ನು ಪೊರಕೆಯಿಂದ ಎಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಹಬೆ ತೆಗೆದುಕೊಳ್ಳುವಾಗ ಬಿಸಿನೀರಿನ ಪಾತ್ರೆಯ ಹತ್ತಿರ ಮಕ್ಕಳನ್ನು ಬಿಡಬೇಡಿ.

ಹತ್ತು ದಿನವಾದರೂ ಮೂಗು ಬಿಡದಿದ್ದರೆ, ಒಂದೇ ಹೊಳ್ಳೆ ಸದಾ ಕಟ್ಟುತ್ತಿದ್ದರೆ, ರಕ್ತ ಬಂದರೆ ವೈದ್ಯರಿಗೆ ತೋರಿಸಿ. ಗಣಿಯಲ್ಲಿ ದುಡಿದ ಹಿರಿಯರ ಕೆಮ್ಮು, ಏದುಸಿರನ್ನಂತೂ ನೆಗಡಿ ಅಂತ ತಳ್ಳಿಹಾಕಬೇಡಿ. ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಆಗಬಹುದು.

ಇನ್ನೊಂದು ಮಾತು. ಮಗುವಿಗೆ ಸೀನು ಬಂದರೆ ಕ್ಲಿನಿಕ್ಕಿಗೆ ಓಡುವ ನಾವು, ನಮ್ಮ ಮೂಗು ಕಟ್ಟಿದರೆ ಡಬ್ಬಿಯಲ್ಲಿ ಉಳಿದ ಮಾತ್ರೆ ನುಂಗಿ ಒಲೆ ಮುಂದೆ ನಿಲ್ಲುತ್ತೇವೆ. ಆ ಮಾತ್ರೆ ನಿಮ್ಮ ಬಿ.ಪಿ.ಗೆ ಆಗುತ್ತದೆಯೋ ಇಲ್ಲವೋ, ನುಂಗುವ ಮೊದಲು ಒಮ್ಮೆ ಕೇಳಿ. ನಿಮ್ಮ ಉಸಿರಿಗೂ ಅಷ್ಟೇ ಬೆಲೆಯಿದೆ.