ದೂರವನ್ನು ನಿರ್ಣಯಿಸುವವರು ಯಾರು?

“ವಿಜ್ಞಾನವು ಜಗತ್ತನ್ನು ಅಂಗೈಯಷ್ಟು ಕಿರಿದು ಮಾಡಿದೆ” ಎಂಬ ಮಾತನ್ನು ಚರ್ಚಾಕೂಟಗಳಲ್ಲಿ ನಾವು ಮತ್ತೆ ಮತ್ತೆ ಕೇಳುತ್ತೇವೆ. ಕಲಾವಿಭಾಗದ ವಿದ್ಯಾರ್ಥಿಗಳಾದ ನಾವು ಅದನ್ನು ಕೇಳಿ ತಲೆ ತಗ್ಗಿಸುವುದೂ ಉಂಟು. ಆದರೆ ಆ ಮಾತು ಅರ್ಧಸತ್ಯವೆಂದು ನನ್ನ ಅಭಿಪ್ರಾಯ. ಇದಕ್ಕೆ ಎರಡು ನಗರಗಳ ಕಥೆಯೇ ಸಾಕ್ಷಿ.

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿ. ಜಪಾನಿನ ರಾಜಧಾನಿ ಟೋಕಿಯೊ. ಭೂಗೋಲದ ಮೇಲೆ ಇವೆರಡರ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿರಿ. ಅದು ಸೈಬೀರಿಯದ ಮೇಲೆ ಹಾಯುತ್ತದೆ. ಉದ್ದ ಸುಮಾರು 7,800 ಕಿಲೋಮೀಟರು. ಆದರೆ 1983ರಲ್ಲಿ ಫಿನ್‌ಏರ್ ಸಂಸ್ಥೆಯು ಈ ನಗರಗಳ ನಡುವೆ ಎಲ್ಲಿಯೂ ಇಳಿಯದ ವಿಮಾನವನ್ನು ಆರಂಭಿಸಿದಾಗ ಅದು ಆ ಹಾದಿಯನ್ನು ಹಿಡಿಯಲಿಲ್ಲ. ಸೋವಿಯತ್ ಒಕ್ಕೂಟದ ಆಕಾಶವನ್ನು ತಪ್ಪಿಸಿ, ಉತ್ತರ ಧ್ರುವವನ್ನು ಬಳಸಿ ಹೋಗಬೇಕಾಯಿತು. ಹಿಡಿದ ಕಾಲ ಸುಮಾರು 13 ಗಂಟೆ. ಸೋವಿಯತ್ ಒಕ್ಕೂಟವು 1991ರಲ್ಲಿ ವಿಸರ್ಜನೆಗೊಂಡ ಮೇಲಿನ ವರ್ಷಗಳಲ್ಲಿ ಸೈಬೀರಿಯದ ಹಾದಿ ರೂಢಿಗೆ ಬಂದಿತು. ಪ್ರಯಾಣವು ಒಂಬತ್ತೂವರೆ ಗಂಟೆಗೆ ಇಳಿಯಿತು.

2022ರ ಫೆಬ್ರವರಿಯಲ್ಲಿ ರಷ್ಯವು ಯುಕ್ರೇನಿನ ಮೇಲೆ ದಂಡೆತ್ತಿ ಹೋಯಿತು. ಯೂರೋಪಿನ ರಾಷ್ಟ್ರಗಳು ರಷ್ಯದ ವಿಮಾನಗಳಿಗೆ ತಮ್ಮ ಆಕಾಶವನ್ನು ಮುಚ್ಚಿದುವು. ರಷ್ಯವೂ ಅವುಗಳ ವಿಮಾನಗಳಿಗೆ ತನ್ನದನ್ನು ಮುಚ್ಚಿತು. ಪ್ರಯಾಣದ ಕಾಲ ಮತ್ತೆ ಸುಮಾರು 13 ಗಂಟೆಯಾಯಿತು! ನಾಲ್ಕು ದಶಕಗಳಲ್ಲಿ ವಿಮಾನಗಳು ಎಷ್ಟೋ ಸುಧಾರಿಸಿದ್ದುವು. ಗಡಿಯಾರ ಮಾತ್ರ 1983ಕ್ಕೇ ಮರಳಿತು.

ಮೋಡಗಳ ಮೇಲೂ ಬೇಲಿಯುಂಟೆ ಎಂದು ಕೇಳಬಹುದು. ಉಂಟು. ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ನೆಲದ ಮೇಲಿನ ಆಕಾಶದಲ್ಲಿ ಪೂರ್ಣಾಧಿಕಾರವಿದೆಯೆಂದು 1944ರ ಷಿಕಾಗೊ ಒಪ್ಪಂದವೇ ಹೇಳುತ್ತದೆ. ಆಕಾಶವನ್ನು ಮುಚ್ಚುವುದೆಲ್ಲ ಹಟವೆಂದೂ ಹೇಳಲಾಗದು. 2014ರ ಜುಲೈಯಲ್ಲಿ ಯುಕ್ರೇನಿನ ಯುದ್ಧಭೂಮಿಯ ಮೇಲೆ ಹಾರುತ್ತಿದ್ದ ಮಲೇಷ್ಯದ ವಿಮಾನವನ್ನು ಹೊಡೆದುರುಳಿಸಿದಾಗ 298 ಮಂದಿ ನಿರಪರಾಧಿಗಳು ಮಡಿದರು. ಆದುದರಿಂದ ದೋಷವಿರುವುದು ಆಕಾಶದಲ್ಲಲ್ಲ, ಕೆಳಗಿನ ಕಲಹದಲ್ಲಿ.

ದೂರದ ದೇಶಗಳ ಮಾತು ನಮಗೇಕೆ ಎನ್ನುವವರು 2025ರ ಏಪ್ರಿಲನ್ನು ನೆನೆಯಲಿ. ಆ ತಿಂಗಳು ಭಾರತ ಪಾಕಿಸ್ತಾನಗಳು ಪರಸ್ಪರರ ವಿಮಾನಗಳಿಗೆ ಆಕಾಶವನ್ನು ಮುಚ್ಚಿದುವು. ದೆಹಲಿಯಿಂದ ಪಶ್ಚಿಮಕ್ಕೆ ಹೊರಟ ನಮ್ಮ ವಿಮಾನಗಳು ಅರಬ್ಬೀ ಸಮುದ್ರದತ್ತ ಬಳಸಿ ಹೋಗಬೇಕಾಯಿತು. ನಮ್ಮ ಹಳ್ಳಿಗಳಲ್ಲಿ ಇದು ಹೊಸತೇನಲ್ಲ. ಪಕ್ಕದ ಹೊಲದವನೊಡನೆ ಮನಸ್ತಾಪವಾದರೆ, ಬದುವಿನಾಚೆಯ ಬಾವಿಗೂ ಊರು ಸುತ್ತಿಯೇ ಹೋಗಬೇಕಷ್ಟೆ!

ಯಂತ್ರವು ವೇಗವನ್ನು ಕೊಡಬಲ್ಲುದು. ಹಾದಿಯನ್ನು ಕೊಡುವವನು ಮನುಷ್ಯ. ತೆರೆದ ಹಾದಿಯು ಗಳಿಸಿಕೊಟ್ಟ ಮೂರೂವರೆ ಗಂಟೆಗಳನ್ನು ಒಂದು ಯುದ್ಧವು ಒಂದೇ ವಾರದಲ್ಲಿ ಕಳೆಯಿತು. ಅದನ್ನು ಮತ್ತೆ ಗಳಿಸಿಕೊಡಬೇಕಾದವರು ನೆರೆಯವನ ಚರಿತ್ರೆ, ಭಾಷೆ, ಭಯಗಳನ್ನು ಅರಿತು ಸಂಧಾನದ ಮೇಜಿಗೆ ಕುಳಿತುಕೊಳ್ಳುವವರು. ಮಿತ್ರರೇ, ಚರಿತ್ರೆಯನ್ನೂ ರಾಜ್ಯಶಾಸ್ತ್ರವನ್ನೂ ಓದುವ ನಮಗೆ ಜಗತ್ತನ್ನು ಕಿರಿದು ಮಾಡುವ ಕೆಲಸದಲ್ಲಿ ಪಾಲಿಲ್ಲವೆಂದು ಇನ್ನು ಯಾರೂ ಹೇಳದಿರಲಿ.